ತೋರಾ ಸಾನ್ ಊರಿಗೆ ನಾಲ್ಕು ಮಾತಿನ ಬಂಡವಾಳ!

ಟೋಕಿಯೋ ಅಂದ್ರೆ ನಮ್ಮ ಸಿನಿಮಾ ಮಂದಿಗೆ ಇವತ್ತಿಗೂ ನೆನಪಾಗೋದು 1966ರ 'ಲವ್ ಇನ್ ಟೋಕಿಯೋ'. ನನಗೆ ನೋಡಬೇಕಾಗಿದ್ದದ್ದು ಬೇರೆ ಟೋಕಿಯೋ. ನಗರದಂಚಿನ ಶಿಬಾಮಾತಾ, 'ತೋರಾ ಸಾನ್' ಊರು!

ಯಾರು ಈ ತೋರಾ ಸಾನ್ ಅಂತೀರಾ? ಪೆಟ್ಟಿಗೆ ಹಿಡಿದು ಊರೂರು ಸುತ್ತಿ ವ್ಯಾಪಾರ ಮಾಡೋ ಅಲೆಮಾರಿ. ಚಿತ್ರಕ್ಕೊಂದು ಪ್ರೇಮ, ಚಿತ್ರಕ್ಕೊಂದು ನಿರಾಶೆ. 1969ರಿಂದ 1995ರವರೆಗೆ 48 ಚಿತ್ರಗಳಲ್ಲಿ ಅತ್ಸುಮಿ ಕಿಯೋಶಿ ಒಬ್ಬರೇ ಆ ಪಾತ್ರ ಮಾಡಿದರು. ಅಂಥವನ ಊರು ನೋಡದೆ ಬರೋದುಂಟೆ?

ನಾನು ಇಳಿದುಕೊಂಡಿದ್ದು ತಂಗಿ ಮಗನ ಮನೆಯಲ್ಲಿ. ಅವನು ಜೊತೆಗಿದ್ದರೆ ಸರಿ, ಇಲ್ಲದಿದ್ರೆ ನಾನು ಮೂಗ. ಅರವತ್ತು ದಾಟಿದವನು ನೀರಿಗೂ ಇನ್ನೊಬ್ಬರ ಬಾಯಿಂದ ಕೇಳಿಸಬೇಕು ಅಂದ್ರೆ ಮನುಷ್ಯ ಹೋಗಿ ಲಗೇಜು ಆದ ಹಾಗೆ! ಶಿಬಾಮಾತಾಕ್ಕೆ ಒಬ್ಬನೇ ಹೋಗ್ತೀನಿ ಅಂತ ಹಟ ಹಿಡಿದೆ.

"ದಾರಿ ತಪ್ಪಿದ್ರೆ ಏನ್ಮಾಡ್ತೀಯ ಮಾವ?"

"ಕೇಳ್ಕೊಂಡು ಬರ್ತೀನಿ ಕಣೋ, ಹೇಳಿಕೊಡು."

ಎರಡು ರಾತ್ರಿ ಪಾಠ ಆಯಿತು. ಮೊದಲನೆಯದು 'ಸುಮಿಮಾಸೆನ್'. 'ಸ್ವಲ್ಪ ಕೇಳಿ' ಅನ್ನೋದಕ್ಕೂ ಅದೇ, 'ಕ್ಷಮಿಸಿ'ಗೂ ಅದೇ, ತೊಂದರೆ ತಗೊಂಡು ಸಹಾಯ ಮಾಡಿದವರಿಗೆ ಉಪಕಾರ ಹೇಳೋದಕ್ಕೂ ಅದೇ. ಒಂದೇ ಟಿಕೇಟಿಗೆ ಮೂರು ಆಟ!

ಎರಡನೆಯದು 'ಎಕಿ ವ ದೊಕೊ ದೆಸ್ ಕ?' ಅಂದ್ರೆ 'ಸ್ಟೇಷನ್ ಎಲ್ಲಿ?' ಇಲ್ಲೊಂದು ಮಜಾ ನೋಡಿ. ಪ್ರಶ್ನೆಯ ಗುರುತು 'ಕ' ಬರೋದು ಕಟ್ಟಕಡೆಗೆ, 'ಬಂದ' ಅನ್ನೋದನ್ನ ನಾವು 'ಬಂದನಾ?' ಮಾಡಿದ ಹಾಗೆ. ಕ್ರಿಯಾಪದವೂ ನಮ್ಮಂತೆ ಕೊನೆಗೇ. ಇಲ್ಲಿ, ಅಲ್ಲಿ, ಎಲ್ಲಿ ನಮಗೆ. ಕೊಕೊ, ಅಸೊಕೊ, ದೊಕೊ ಅವರಿಗೆ. ನಡುವೆ 'ಸೊಕೊ' ಅಂತ ಇನ್ನೊಂದಿದೆ, ಕೇಳುವವನ ಹತ್ತಿರದ ಜಾಗಕ್ಕೆ. ನಮ್ಮ ಹಳಗನ್ನಡದಲ್ಲೂ ಇದು, ಅದುಗಳ ಮಧ್ಯೆ 'ಉದು' ಇತ್ತಲ್ಲ! ನೆಂಟಸ್ತಿಕೆ ಅಂತ ನಾನು ಹೇಳ್ತಿಲ್ಲ, ನಡಿಗೆ ಪರಿಚಯದ್ದು ಅಷ್ಟೆ.

ಹ್ರಸ್ವ, ದೀರ್ಘ ಮಾತ್ರ ಜೋಪಾನ. 'ಒಬಸಾನ್' ಅಂದ್ರೆ ಅತ್ತೆಯೋ ಚಿಕ್ಕಮ್ಮನೋ. 'ಒಬಾಸಾನ್' ಅಂತ ಎಳೆದರೆ ಅಜ್ಜಿ! ಕಾಗುಣಿತ ಬಾಯಿಪಾಠ ಮಾಡಿದ ನಾಲಗೆಗೆ ಇದು ಕಷ್ಟವಿಲ್ಲ.

ಹೊರಟೆ. ತಾಕಾಸಾಗೋದಲ್ಲಿ ರೈಲು ಬದಲಿಸಬೇಕು. ಸಮವಸ್ತ್ರದವರೊಬ್ಬರ ಮುಂದೆ ನಿಂತು, "ಸುಮಿಮಾಸೆನ್... ಶಿಬಾಮಾತಾ ವ ದೊಕೊ ದೆಸ್ ಕ?" ಅಂದೆ. ಎದೆ ಡವಡವ. ಆತ ಕೈ ಚಾಚಿ, "ಅಸೊಕೊ!" ಅಂದರು. ಅಲ್ಲಿ! ಪರದೇಶದಲ್ಲಿ ನಾನು ಕೇಳಿದೆ, ಉತ್ತರ ನನಗೇ ಬಂತು! ಮುಂದಿನ ಸ್ಟೇಷನ್ನೇ ಶಿಬಾಮಾತಾ.

ಇಳಿದರೆ ಎದುರಿಗೇ ತೋರಾ ಸಾನ್ ಪ್ರತಿಮೆ; ಹೊರಟು ನಿಂತವನು ತಿರುಗಿ ನೋಡ್ತಿದ್ದಾನೆ. ಅವನ ನೋಟದ ದಿಕ್ಕಿಗೆ 2017ರಲ್ಲಿ ತಂಗಿ ಸಕುರಾಳನ್ನೂ ನಿಲ್ಲಿಸಿದ್ದಾರೆ. ದೇವಸ್ಥಾನದ ಬೀದಿಯ ಇಕ್ಕೆಲದಲ್ಲೂ ತಿಂಡಿ ಅಂಗಡಿ. ಅಕ್ಕಿಹಿಟ್ಟಿನ ಹಸಿರು ಉಂಡೆ, ಜೊತೆಗೆ ಸಿಹಿ ಹೂರಣ. ಅದೇ ಕುಸಾ ದಾಂಗೋ. ಬೆರಳು ತೋರಿಸಿ, "ಕೊರೆ, ಹಿತೊತ್ಸು, ಕುದಸಾಯ್" ಅಂದೆ. ಇದು, ಒಂದು, ಕೊಡಿ. ಪದಕ್ಕೆ ಪದ ಕನ್ನಡ!

ಅಂಗಡಿಯ ವೃದ್ಧೆ ಪೊಟ್ಟಣ ಕೊಟ್ಟು, ಬೆವರು ಒರೆಸಿಕೊಳ್ತಾ, "ಅತ್ಸುಯ್ ದೆಸ್ ನೆ" ಅಂದರು. 'ಸೆಕೆ ಅಲ್ವಾ' ಅಂತ. ಆ 'ನೆ' ನಮ್ಮ 'ಅಲ್ವಾ'ದ ತಮ್ಮ. ದಾರಿ ಕೇಳೋ ಮಾತಲ್ಲ, ಬೆಲೆ ಕೇಳೋ ಮಾತೂ ಅಲ್ಲ. ಪಕ್ಕದ ಮನೆಯವರ ಹತ್ತಿರ ಆಡೋ ಮಾತು ಅದು.

"ಸೋ ದೆಸ್ ನೆ" ಅಂದೆ. ಹೌದಲ್ವಾ!

ಆಕೆ ಅಂಗಡಿ ಮುಂದಿನ ಬೆಂಚು ತೋರಿಸಿದರು. ಕೂತು ತಿಂದೆ.