ಬಿಸಿಲಿನ ಇಳಿಜಾರು

ಮಿನಿಯಾಪೊಲಿಸ್, ಜನವರಿ. ಬೆಳಗ್ಗೆ ಏಳು ದಾಟಿದೆ, ಇನ್ನೂ ಬೆಳಕು ಹರಿದಿಲ್ಲ. ಹೊರಗೆ ಮೈನಸ್ 22 ಡಿಗ್ರಿ ಸೆಲ್ಸಿಯಸ್. ಷೂ ಬಾಗಿಲ ಹತ್ತಿರವೇ ಬಿಟ್ಟು, ಕಾಲುಚೀಲದಲ್ಲೇ ಬೇಸ್‌ಮೆಂಟಿಗೆ ಇಳಿದು ಬನ್ನಿ. ಗೋಡೆಯ ಥರ್ಮೋಸ್ಟಾಟ್ 68 ಫ್ಯಾರನ್‌ಹೀಟ್ ತೋರಿಸುತ್ತಿದೆ. ನಮ್ಮ ಲೆಕ್ಕದಲ್ಲಿ 20 ಡಿಗ್ರಿ. ಸ್ವೆಟರ್ ಹಾಕಿಕೊಂಡ ನಮಗೆ ಹಿತವಾಗಿದೆ. ಮೂಲೆಯಲ್ಲಿ ಎರಡು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕೂತವರಿಗೆ ಮಾತ್ರ ಇದು ಸಾಲದು.

ಮುಚ್ಚಳ ಸರಿಸಿ ನೋಡಿ. ಬಿಯರ್ಡೆಡ್ ಡ್ರ್ಯಾಗನ್‌ಗಳು, ಮೂತಿಯಿಂದ ಬಾಲದ ತುದಿಗೆ ಸುಮಾರು ಒಂದೂವರೆ ಅಡಿ. ಮೈ ಬೂದುಗಪ್ಪು, ಪಕ್ಕೆಯುದ್ದಕ್ಕೂ ಮೆತ್ತನೆಯ ಮುಳ್ಳಿನ ಸಾಲು, ಗಂಟಲ ಕೆಳಗೆ ಗಡ್ಡ. ಕಣ್ಣು ತೆರೆದಿದ್ದರೂ ಕಾಲು ಕದಲುತ್ತಿಲ್ಲ. ಬೆರಳಿಂದ ಬೆನ್ನು ಮುಟ್ಟಿದರೆ ತಣ್ಣಗಿದೆ. ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು, ಕುರುಚಲು ಕಾಡು ಇವುಗಳ ಮೂಲ ನೆಲೆ. ಆ ದೇಶ ತನ್ನ ಕಾಡುಜೀವಿಗಳನ್ನು ವ್ಯಾಪಾರಕ್ಕೆ ಹೊರಗೆ ಕಳಿಸುವುದನ್ನು ನಿಲ್ಲಿಸಿ ದಶಕಗಳಾದವು. ಹಾಗಾಗಿ ಇವೆರಡೂ ಆ ಬಯಲನ್ನು ಕಂಡವಲ್ಲ, ಸಾಕಣೆಯಲ್ಲೇ ಮೊಟ್ಟೆಯೊಡೆದು ಬಂದ ತಲೆಮಾರಿನವು. ಮೈ ಮಾತ್ರ ಆ ಬಿಸಿಲನ್ನೇ ಕೇಳುತ್ತದೆ.

"ಥೇಟ್ ನಮ್ಮ ಓತಿಕ್ಯಾತನ ಹಂಗ ಅದಾವ ನೋಡು," ಎನ್ನುತ್ತಾಳೆ ಹುಬ್ಬಳ್ಳಿಯಲ್ಲಿ ಬೆಳೆದ ನನ್ನ ತಂಗಿ, ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತು. ನಿಜವೇ. ನಮ್ಮ ಬೇಲಿಯ ಓತಿಕ್ಯಾತ, ಈ ಡ್ರ್ಯಾಗನ್ ಎರಡೂ ಅಗಾಮಿಡೇ ಎಂಬ ಒಂದೇ ಕುಟುಂಬದವು. ಅಲ್ಲಿಯವನಿಗೆ ಕಂಪೌಂಡ್ ಗೋಡೆ ಇದೆ, ಗೋಡೆಯ ಮೇಲೆ ಬಿಸಿಲಿದೆ, ಗೋಡೆಯ ಆಚೆ ಬದಿಗೆ ನೆರಳಿದೆ. ಇಲ್ಲಿ ಆ ಮೂರನ್ನೂ ನಾವು ಇವತ್ತು ಕಟ್ಟಿಕೊಡಬೇಕು. ಬಿಸಿಲಿನಷ್ಟೇ ಮುಖ್ಯ ಆ ನೆರಳು ಎಂಬುದನ್ನು ಈ ಕೆಲಸಕ್ಕೆ ಕೈಹಾಕುವವರು ಮೊದಲು ತಿಳಿದಿರಬೇಕು.

ಪೆಟ್ಟಿಗೆ ನೆಲದ ಮೇಲಿದೆ: ನಾಲ್ಕು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಪಿವಿಸಿ ಹಲಗೆಯ ಗೋಡೆ, ಮುಂದೆ ಸರಿಯುವ ಗಾಜು. ಪಕ್ಕದಲ್ಲಿ ಅಂಥದ್ದೇ ಇನ್ನೊಂದು. ಇಬ್ಬರಿಗೂ ಒಂದೇ ಮನೆ ಮಾಡಬಾರದು. ಒಂದರ ಮೇಲೊಂದು ಹತ್ತಿ ಮಲಗಿದ್ದನ್ನು ನೋಡಿ ಪ್ರೀತಿ ಅಂದುಕೊಳ್ಳುವವರಿದ್ದಾರೆ. ಅಲ್ಲಿ ನಡೆಯುವುದು ಜಾಗದ ಜಗಳ. ಬಲವಾದದ್ದು ದೀಪದ ಕೆಳಗಿನ ಜಾಗ ಹಿಡಿಯುತ್ತದೆ, ಕೆಳಗಿನದು ಕಾವೂ ಇಲ್ಲದೆ, ಉಂಡದ್ದು ಕರಗದೆ ದಿನದಿನಕ್ಕೂ ಸೊರಗುತ್ತದೆ.

"ಮಾಮಾ, ಇಲ್ಲಿ ಹಿಡೀರಿ," ಎಂದು ತಂಗಿಯ ಮಗಳು ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯೊಳಗೆ ಅರ್ಧ ಮೈ ತೂರಿಸಿದ್ದಾಳೆ. ನೀವೂ ಒಂದು ಕೈ ಕೊಡಿ. ಬಲತುದಿಯ ಚಾವಣಿಗೆ ಹೋಲ್ಡರ್ ಕೂರಿಸಬೇಕು, ಪಿಂಗಾಣಿಯದು. ನೂರು ವ್ಯಾಟ್ ಬಲ್ಬಿನ ಬಿಸಿಗೆ ಪ್ಲಾಸ್ಟಿಕ್ ಹೋಲ್ಡರ್ ಕರಗೀತು. ಅದಕ್ಕೆ ಹ್ಯಾಲೊಜೆನ್ ಫ್ಲಡ್ ಬಲ್ಬು, ಬಲ್ಬಿನ ಸುತ್ತ ತಂತಿಯ ಬುಟ್ಟಿ. ಇದು ನೆಗೆಯುವ ಪ್ರಾಣಿ. ಬುಟ್ಟಿ ಇಲ್ಲದಿದ್ದರೆ ಬಲ್ಬಿಗೇ ಮೈ ತಾಗಿಸಿಕೊಳ್ಳುತ್ತದೆ. ಗಾಳಿಕಿಂಡಿ ಎರಡು, ತಂಪು ತುದಿಯಲ್ಲಿ ಕೆಳಗೊಂದು, ಬಿಸಿ ತುದಿಯಲ್ಲಿ ಮೇಲೊಂದು. ಬಿಸಿಗಾಳಿ ಮೇಲಿಂದ ಹೊರಬಿದ್ದಂತೆ ತಣ್ಣನೆಯದು ಕೆಳಗಿಂದ ತಾನಾಗಿ ಒಳಬರುತ್ತದೆ.

ಬಲ್ಬಿನ ನೇರ ಕೆಳಗೆ ಇಟ್ಟಿಗೆ ಪೇರಿಸಿ, ಮೇಲೆ ಕಪ್ಪು ಸ್ಲೇಟ್ ಕಲ್ಲು. ಕಲ್ಲಿಗೂ ಬಲ್ಬಿಗೂ ನಡುವೆ ಒಂದಡಿ. ಅಂಗಡಿಗಳಲ್ಲಿ ಕರೆಂಟಿನಿಂದ ಕಾಯುವ 'ಹೀಟ್ ರಾಕ್' ಕೂಡ ಸಿಗುತ್ತದೆ. ದಯವಿಟ್ಟು ಕೊಳ್ಳಬೇಡಿ. ಈ ಪ್ರಾಣಿಗಳು ತಲೆಯ ಮೇಲಿಂದ ಬರುವ ಕಾವನ್ನು ಅರಿತು ಬದುಕಿದವು. ಹೊಟ್ಟೆಯ ಕೆಳಗಿನ ಕಲ್ಲು ಸುಡುತ್ತಿದ್ದರೂ ಏಳದೆ ಮಲಗಿ, ಹೊಟ್ಟೆಯ ಚರ್ಮ ಬೆಂದುಹೋದ ಹಲ್ಲಿಗಳು ಪಶುವೈದ್ಯರ ಮೇಜಿಗೆ ಬರುತ್ತಲೇ ಇರುತ್ತವೆ.

ಈಗ ಉದ್ದನೆಯ ಟ್ಯೂಬು. ಟಿ5, ಯುವಿಬಿ ಎಂಬ ಅತಿನೇರಳೆ ಕಿರಣ ಸೂಸುವಂಥದ್ದು. ಇದನ್ನೂ ಬಿಸಿ ತುದಿಯಿಂದಲೇ ಶುರುಮಾಡಿ ಅರ್ಧಕ್ಕಿಂತ ತುಸು ಮುಂದಕ್ಕೆ ಬರುವಂತೆ ಕೂರಿಸುತ್ತೇವೆ. ಬಯಲಿನಲ್ಲಿ ಕಾವೂ ಅತಿನೇರಳೆ ಕಿರಣವೂ ಒಬ್ಬನೇ ಸೂರ್ಯನಿಂದ ಒಟ್ಟಿಗೆ ಬೀಳುತ್ತವೆ. ಇಲ್ಲೂ ಒಂದೇ ಬೆನ್ನಿನ ಮೇಲೆ ಒಟ್ಟಿಗೆ ಬೀಳಲಿ. ಸುಮಾರು 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಈ ಕಿರಣ ತಾಗಿದರೆ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ, ಅದಿದ್ದರೆ ತಿಂದ ಕ್ಯಾಲ್ಸಿಯಂ ಮೂಳೆ ಸೇರುತ್ತದೆ. ಇಲ್ಲದಿದ್ದರೆ ದವಡೆ ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ, ಬೆನ್ನು ಸೊಟ್ಟಗಾಗುತ್ತದೆ.

"ಕಿಟಕಿ ಹತ್ರ ಇಟ್ರ ಬಿಸಿಲು ಬರಂಗಿಲ್ಲೇನು?" ತಂಗಿಯ ಪ್ರಶ್ನೆ.

"ಗ್ಲಾಸು ಯುವಿಬಿ ತಡೀತದ, ಅಮ್ಮಾ," ಪೆಟ್ಟಿಗೆಯೊಳಗಿನಿಂದ ಉತ್ತರ ಬರುತ್ತದೆ.

ಸ್ವಿಚ್ ಹಾಕಿ. ಕಣ್ಣು ಕಿರಿದಾಗುವಷ್ಟು ಬೆಳಕು. ಕಾದ ಕಲ್ಲಿನ ವಾಸನೆ ನಿಧಾನವಾಗಿ ಏಳುತ್ತದೆ. ಇಲ್ಲಿಂದ ಮುಂದೆ ಆತುರ ಮಾಡಬೇಡಿ, ಈ ದಿನದ ನಿಜವಾದ ಕೆಲಸ ಇದೇ. ಇನ್‌ಫ್ರಾರೆಡ್ ಥರ್ಮಾಮೀಟರು ನಿಮ್ಮ ಕೈಗೆ. ಕೆಂಪು ಚುಕ್ಕೆಯನ್ನು ಕಲ್ಲಿನ ನಡುವೆ ಇಡಿ: 29. ಕಾಯಿರಿ. 35. ಇನ್ನೂ ಕಾಯಿರಿ. ಅರ್ಧ ಗಂಟೆಯ ಮೇಲೆ 46. ಇದು ಹೆಚ್ಚಾಯಿತು. ಒಂದು ಇಟ್ಟಿಗೆ ತೆಗೆಯುತ್ತೇವೆ, ಮತ್ತೆ ಕಾಯುತ್ತೇವೆ. 43. ಡಿಮ್ಮಿಂಗ್ ಥರ್ಮೋಸ್ಟಾಟನ್ನು ತುಸು ತಿರುಗಿಸುತ್ತಾಳೆ ಹುಡುಗಿ, ಬಲ್ಬಿನ ಹೊಳಪು ಕಣ್ಣಿಗೆ ಗೊತ್ತಾಗದಷ್ಟು ತುಸುವೇ ತಗ್ಗುತ್ತದೆ. 41. ಅಲ್ಲೇ ನಿಲ್ಲಲಿ.

ಥರ್ಮೋಸ್ಟಾಟಿನ ಸೆನ್ಸರ್ ತಂತಿಯನ್ನು ಕಲ್ಲಿನ ಅಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿದದ್ದನ್ನು ಇನ್ನೊಮ್ಮೆ ಎಳೆದು ನೋಡಿ. ಪ್ರಾಣಿ ಅದನ್ನು ಕಾಲಲ್ಲಿ ಸಿಕ್ಕಿಸಿಕೊಂಡು ತಂಪು ಬದಿಗೆ ಎಳೆದೊಯ್ದರೆ, ಯಂತ್ರ ಪಾಪ ಪೆಟ್ಟಿಗೆಯೇ ತಣ್ಣಗಾಯಿತೆಂದು ತಿಳಿದು ಬಲ್ಬನ್ನು ಪೂರ್ತಿ ಉರಿಸಿಬಿಡುತ್ತದೆ.

ಈಗ ಚುಕ್ಕೆಯನ್ನು ಕಲ್ಲಿನಿಂದ ಎಡಕ್ಕೆ ಮೆಲ್ಲಗೆ ಸರಿಸಿ. ಕೊರಡಿನ ಮೇಲೆ 36. ನಡುವಿನ ಮಣ್ಣಿನಲ್ಲಿ 30. ಮುಂದೆ 27. ಎಡತುದಿಯ ಕಾರ್ಕ್ ತೊಗಟೆಯ ಗೂಡಿನೊಳಗೆ 24. ನಾಲ್ಕಡಿಯಲ್ಲಿ 17 ಡಿಗ್ರಿಯ ಇಳಿಜಾರು. ನಾವು ಕಟ್ಟಲು ಹೊರಟದ್ದು ಇದನ್ನೇ. ಪೆಟ್ಟಿಗೆಯನ್ನು ಇಡಿಯಾಗಿ 35ಕ್ಕೆ ಕಾಯಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ಪ್ರಾಣಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದ ಒಲೆ ಕಟ್ಟಿದಂತೆ.

ಹಲ್ಲಿಗಳು ಬಿಸಿಲಿದ್ದಷ್ಟು ಬಿಸಿ, ತಂಪಿದ್ದಷ್ಟು ತಂಪು ಎಂಬ ನಂಬಿಕೆ ಬಹಳ ಕಾಲ ಇತ್ತು. ಕ್ಯಾಲಿಫೋರ್ನಿಯಾದ ಕೊಚೆಲಾ ಕಣಿವೆಯ ಮರಳುಗಾಡಿನಲ್ಲಿ ವಿಜ್ಞಾನಿಗಳಾದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಅವುಗಳ ಮೈಕಾವನ್ನು ಅಳೆದು, 1944ರಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಬಿಸಿಲಿಗೆ ಬಂದು, ನೆರಳಿಗೆ ಸರಿದು, ಮೈ ಚಪ್ಪಟೆ ಮಾಡಿ, ಮರಳಲ್ಲಿ ಹೂತು, ಅವು ತಮ್ಮ ಕಾವನ್ನು ಬಹಳ ಕಿರಿದಾದ ಮಿತಿಯೊಳಗೆ ಕಾಪಾಡಿಕೊಳ್ಳುತ್ತವೆ ಎಂದು ತೋರಿಸಿದರು. 1970ರ ದಶಕದಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಸೋಂಕು ತಗುಲಿದ ಡೆಸರ್ಟ್ ಇಗುವಾನಾ ಎಂಬ ಹಲ್ಲಿಗಳನ್ನು ಅವುಗಳ ಪಾಡಿಗೆ ಓಡಾಡಲು ಬಿಟ್ಟಾಗ ಅವು ತಾವಾಗಿ ಎಂದಿಗಿಂತ ಬಿಸಿಯಾದ ಜಾಗ ಆರಿಸಿಕೊಂಡು ಕೂತವು. ಜ್ವರ ಬರಿಸಿಕೊಳ್ಳುವುದಕ್ಕೂ ಅವು ನಡೆದೇ ಹೋಗಬೇಕು! ಬೇರೆ ಬೇರೆ ತಾಪದಲ್ಲಿ ಕೂಡಿಹಾಕಿದಾಗ 42 ಡಿಗ್ರಿಯವುಗಳಲ್ಲಿ ಹೆಚ್ಚಿನವು ಬದುಕಿದವು, 34ರಲ್ಲಿದ್ದವು ಸತ್ತವು. ನಮ್ಮ ಪೆಟ್ಟಿಗೆಯಲ್ಲಿ ಆ ನಡೆಯುವ ದಾರಿ ಇಲ್ಲದಿದ್ದರೆ ಕಾಯಿಲೆ ಬಿದ್ದ ದಿನ ಇವುಗಳ ಔಷಧಿಯನ್ನೇ ಕಿತ್ತುಕೊಂಡ ಹಾಗಾಗುತ್ತದೆ.

ಗಂಟೆ ಹತ್ತು. ಮೊದಲನೆಯದನ್ನು ಎತ್ತಿಕೊಳ್ಳಿ. ಎದೆಯ ಕೆಳಗೆ ಅಂಗೈ ಇರಲಿ, ಬಾಲಕ್ಕೂ ಆಸರೆ ಕೊಡಿ. ಉಗುರು ತೋಳಿಗೆ ಚುಚ್ಚಿದರೂ ಕೈ ಕೊಡವಬೇಡಿ. ನೆತ್ತಿಯ ನಡುವೆ ಬಾಗಿ ನೋಡಿ, ಒಂದು ಮಸುಕಾದ ಹುರುಪೆ ಕಾಣುತ್ತದಲ್ಲ? ಅದು ಮೂರನೆಯ ಕಣ್ಣು. ಚಿತ್ರ ಕಾಣದು, ಬೆಳಕನ್ನು ಮಾತ್ರ ಅರಿಯುತ್ತದೆ. ರಾತ್ರಿ ಈ ಪೆಟ್ಟಿಗೆಯಲ್ಲಿ ಕೆಂಪು ನೀಲಿ ಬಲ್ಬು ಯಾವುದೂ ಉರಿಯಬಾರದು. ಕತ್ತಲೆಂದರೆ ಪೂರ್ತಿ ಕತ್ತಲು.

ನಡುವಿನ ಮಣ್ಣಿನಲ್ಲಿ ಬಿಟ್ಟು ಗಾಜು ಸರಿಸಿ, ಎರಡು ಹೆಜ್ಜೆ ಹಿಂದೆ ಬನ್ನಿ.

ಸ್ವಲ್ಪ ಹೊತ್ತು ಏನೂ ಇಲ್ಲ. ನಾಲಿಗೆ ಒಮ್ಮೆ ಮಣ್ಣಿಗೆ ತಾಗುತ್ತದೆ. ತಲೆ ಓರೆಯಾಗಿ ಒಂದು ಕಣ್ಣು ಮೇಲಕ್ಕೆ ತಿರುಗುತ್ತದೆ, ಬಲ್ಬಿನ ಕಡೆಗೆ. ಆಮೇಲೆ ಕೊರಡು ಹತ್ತಿ, ಯಾರೋ ದಾರಿ ಹೇಳಿಕೊಟ್ಟಂತೆ ನೇರ ಕಲ್ಲಿಗೆ. ಅಲ್ಲಿ ಪಕ್ಕೆಲುಬು ಬಿಚ್ಚಿ ಮೈಯನ್ನು ಚಪ್ಪಟೆಯಾಗಿ ಹರಡುತ್ತದೆ, ಬೆನ್ನನ್ನು ಬೆಳಕಿನತ್ತ ವಾಲಿಸುತ್ತದೆ. ಬೆನ್ನು ಈಗ ಇದ್ದಿಲ ಬಣ್ಣ. ಕಪ್ಪು ಹೆಚ್ಚಾದಷ್ಟೂ ಕಾವು ಬೇಗ ಹೀರುತ್ತದೆ. ನೋಡನೋಡುತ್ತ ಕಪ್ಪು ತೆಳುವಾಗುತ್ತದೆ. ಭುಜದ ಬಳಿ ಮರಳಿನ ಬಣ್ಣ ಮೂಡಿ ಬೆನ್ನಿಗೆ ಹರಡುತ್ತದೆ, ಕಣ್ಣಿನ ಸುತ್ತ ಹಳದಿ ಏಳುತ್ತದೆ. ಕೊನೆಗೆ ಬಾಯಿ ಅಗಲವಾಗಿ ತೆರೆದು ಹಾಗೇ ಕೂರುತ್ತದೆ.

"ಮಾಮಾ, ಸಿಟ್ಟಾಗೇದೇನು?"

ಇಲ್ಲ. ಹೆಚ್ಚಾದ ಕಾವನ್ನು ಬಾಯಿಂದ ಬಿಡುತ್ತಿದೆ. ನಿಮಿಷಗಳು ಕಳೆದ ಮೇಲೆ ತಾನೇ ಎದ್ದು, 41ರಿಂದ ಇಳಿದು, 30 ದಾಟಿ, 27ರಲ್ಲಿ ಮುಂಗಾಲು ಚಾಚಿ ಮಲಗುತ್ತದೆ. ಹುಡುಗಿ ತುಟಿ ಬಿಗಿಹಿಡಿದು ನನ್ನ ತೋಳು ಹಿಂಡುತ್ತಾಳೆ. ನೀವೂ ಉಸಿರು ಬಿಡಿ, ಪೆಟ್ಟಿಗೆ ಸರಿಯಾಗಿದೆ.

ಎರಡನೆಯದರ ಹೋಲ್ಡರಿಗೆ ಕೈಹಾಕುವ ಮೊದಲು ತಂಗಿ ಮತ್ತೆ ಕೇಳುತ್ತಾಳೆ, "ಹಿಮಗಾಳಿಗೆ ಕರೆಂಟ್ ಹೋತಂದ್ರ?"

ಕೇಳಬೇಕಾದ ಪ್ರಶ್ನೆ. ರಾತ್ರಿ 18ರವರೆಗೆ ಇಳಿದರೂ ಇವು ತಾಳುತ್ತವೆ. ಬಯಲಿನ ರಾತ್ರಿಯೂ ತಣ್ಣಗೇ. ಕರೆಂಟ್ ಹೋದರೆ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಳಿಕಿಂಡಿ ಮಾತ್ರ ತೆರೆದಿಡಿ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ಬದಿಗಿಡಿ, ಇನ್ನೊಂದು ಬದಿ ಖಾಲಿ ಇರಲಿ. ಹಸಿದಿದೆಯೆಂದು ಕನಿಕರಪಟ್ಟು ಹುಳ ಹಾಕಬೇಡಿ. ಕಾವಿಲ್ಲದ ಹೊಟ್ಟೆಯಲ್ಲಿ ಊಟ ಅರಗುವುದಿಲ್ಲ. ಬಲ್ಬು ಮತ್ತೆ ಹತ್ತಿ, ಕಲ್ಲು ಕಾದು, ಅದು ತಾನಾಗಿ ಬಂದು ಆ ಕಲ್ಲನ್ನೇರಿದ ಮೇಲೆ ಊಟ.

ತಂಗಿ ತಲೆಯಾಡಿಸಿ, ಕಂಬಳಿ ಹುಡುಕಲು ಮೇಲಕ್ಕೆ ಹೋಗುತ್ತಾಳೆ. ಆ ಇನ್ನೊಂದು ಸ್ಕ್ರೂಡ್ರೈವರ್ ಇತ್ತ ಕೊಡಿ.