ಕೂಲೆಂಟ್ 3 ಲೀಟರ್, 900 ರೂಪಾಯಿ

ನಮ್ಮ ಮನೆಯ ಪಿಕಪ್ ಗಾಡಿ ವಯಸ್ಸಿನಲ್ಲಿ ನನಗಿಂತ ಒಂದು ವರ್ಷ ದೊಡ್ಡದು. 2014ರಲ್ಲಿ ಅಬ್ಬಾ ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡರು. ನಂಬರ್ ಕೆಎ 45, ಅಂದರೆ ನಮ್ಮ ಹುಣಸೂರಿನದೇ. ಎಡಗಡೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಗಾಜು ಇಳಿಸಿ, ಹೊರಗೆ ಕೈ ಹಾಕಿ ತೆಗೆಯಬೇಕು. ಆದರೂ ಅಬ್ಬಾ ಪ್ರತಿ ಶುಕ್ರವಾರ ಜುಮಾ ನಮಾಜಿಗೆ ಹೋಗುವ ಮುಂಚೆ ಅದನ್ನು ತೊಳೆದೇ ತೊಳೆಯುತ್ತಾರೆ. "ನಿನ್ನ ಕಾಲೇಜ್ ಫೀಸ್ ಕಟ್ಟೋದು ಅದೇ, ಅದಕ್ಕೂ ಒಂದು ಸಲಾಂ ಹೇಳು" ಎಂದು ಅಮ್ಮಿ ತಮಾಷೆ ಮಾಡುತ್ತಾರೆ.

ಮಾತು ನಿಜ. ಶುಂಠಿ, ಬಾಳೆ, ಮರದ ಸಾಮಾನು, ಸೀಸನ್‌ನಲ್ಲಿ ಹೊಗೆಸೊಪ್ಪು, ಎಲ್ಲವನ್ನೂ ಅದು ಹೊತ್ತಿದೆ.

ನನಗೆ ಗಾಡಿ ಓಡಿಸುವ ಹಾಗಿಲ್ಲ. ಲೈಸೆನ್ಸ್‌ಗೆ 18 ಆಗಬೇಕು, ಬಾಡಿಗೆ ಗಾಡಿ ಓಡಿಸಲು 20 ಆಗಬೇಕು. ಹಾಗಾಗಿ ನನ್ನ ಕೆಲಸವೆಲ್ಲ ಬಾನೆಟ್ ಕೆಳಗೆ. ಎಸ್‌ಎಸ್‌ಎಲ್‌ಸಿ ರಜೆಯಲ್ಲಿ ಅಬ್ಬಾ ಜೊತೆ ಗ್ಯಾರೇಜಿಗೆ ಹೋಗಿ ಹೋಗಿ ರುಚಿ ಹತ್ತಿತು. ನಮ್ಮ ಗಾಡಿ ಹಳೇ ಕಾಲದ್ದು. ಈಗಿನ ಗಾಡಿಗಳ ಹಾಗೆ ಸ್ಕ್ಯಾನರ್ ಹಾಕಿ ಕಾಯಿಲೆ ಕಂಡುಹಿಡಿಯಲು ಆಗುವುದಿಲ್ಲ. ಕಣ್ಣು, ಕಿವಿ, ಮೂಗೇ ಸ್ಕ್ಯಾನರ್. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ, ಮೊದಲು ಏರ್ ಫಿಲ್ಟರ್ ನೋಡಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಹೋಗುತ್ತಿರಬಹುದು.

ಒಂದು ಸಲ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲೇ ಇಲ್ಲ. ಸೆಲ್ಫ್ ಚೆನ್ನಾಗಿ ತಿರುಗುತ್ತಿತ್ತು, ಹಾಗಾಗಿ ಬ್ಯಾಟರಿ ಅಲ್ಲ. ಡೀಸೆಲ್ ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಒತ್ತಿದರೆ ಮೆತ್ತಗಿತ್ತು, ಅಂದರೆ ಲೈನಿನಲ್ಲಿ ಗಾಳಿ ಸೇರಿದೆ. ಹುಡುಕಿದಾಗ ಸಿಕ್ಕಿದ್ದು ಸವೆದ ಒಂದು ತಾಮ್ರದ ವಾಷರ್. ಹತ್ತು ರೂಪಾಯಿ! ಆ ದಿನ ನಾನೇ ದೊಡ್ಡ ಮೆಕ್ಯಾನಿಕ್ ಅಂದುಕೊಂಡೆ.

ಆಮೇಲೆ ಗಾಡಿಗೆ ಒಂದು ಪುಸ್ತಕ ಇಟ್ಟೆ. ತಾರೀಖು, ಕಿಲೋಮೀಟರ್, ಮಾಡಿದ ಕೆಲಸ, ಖರ್ಚು. ಮನೆಯಲ್ಲಿ ನಾವು ಮಾತಾಡುವುದು ಉರ್ದು, ಆದರೆ ಪುಸ್ತಕ ಕನ್ನಡದಲ್ಲಿ ಬರೆದೆ, ಮೇಸ್ತ್ರಿಗಳೂ ಓದಲಿ ಅಂತ. ಬೋಲ್ಟು, ವಾಷರು, ಬೆಲ್ಟು ಎರಡು ಭಾಷೆಯಲ್ಲೂ ಒಂದೇ. ನಮ್ಮ ಗಾಡಿಯಂಥ ಹಳೆ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು. ಆಗಲೂ ಈ ಪುಸ್ತಕ ನೋಡಿ ಏನೇನು ಬಾಕಿ ಇದೆ ಎಂದು ತಿಳಿಯುತ್ತಿತ್ತು. ಅಬ್ಬಾ ಅದನ್ನು ತಮ್ಮ ಸ್ನೇಹಿತರಿಗೆಲ್ಲ ತೋರಿಸುತ್ತಿದ್ದರು. "ನಮ್ಮ ಹುಡುಗ ಕಾಮರ್ಸ್, ಹಿಸಾಬ್ ಪಕ್ಕಾ" ಎನ್ನುತ್ತಿದ್ದರು.

ಈಗ ಆ ಪುಸ್ತಕದ ಒಂದು ಸಾಲಿನ ಬಗ್ಗೆ ಹೇಳಬೇಕು.

ಜೂನ್ ತಿಂಗಳಲ್ಲಿ ರೇಡಿಯೇಟರ್‌ನ ಹಳೆ ಕೂಲೆಂಟ್ ತೆಗೆದು ಹೊಸದು ಹಾಕಲು ಅಬ್ಬಾ ನನಗೆ 900 ರೂಪಾಯಿ ಕೊಟ್ಟರು. ಹಳೆಯದನ್ನು ತೆಗೆದೆ. ಹೊಸದು ತರಲಿಲ್ಲ. ಮನೆಯ ಬೋರ್‌ವೆಲ್ ನೀರು ತುಂಬಿದೆ. ಆ ದುಡ್ಡಿನಲ್ಲಿ ಕ್ರಿಕೆಟ್ ಆಡಲು ಶೂ ತೆಗೆದುಕೊಂಡೆ. ಅಮ್ಮಿ ಕೇಳಿದಾಗ ಫ್ರೆಂಡ್‌ದು ಎಂದೆ. ಪುಸ್ತಕದಲ್ಲಿ ನೀಟಾಗಿ ಬರೆದೆ: ಕೂಲೆಂಟ್ 3 ಲೀಟರ್, 900 ರೂಪಾಯಿ. ನೀರು ನೀರೇ ತಾನೇ, ಎಂಜಿನ್‌ಗೆ ಏನು ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಸೆಪ್ಟೆಂಬರ್‌ನಲ್ಲಿ ನೀರು ಕಡಿಮೆಯಾಗತೊಡಗಿತು. ವಾರಕ್ಕೆ ಅರ್ಧ ಲೀಟರ್. ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಇರುತ್ತಿರಲಿಲ್ಲ. ಮತ್ತೆ ಬೋರ್ ನೀರು ಹಾಕಿ, "ಅರ್ಧ ಲೀಟರ್ ಹಾಕಿದೆ" ಎಂದು ಬರೆಯುತ್ತಿದ್ದೆ. ಅಷ್ಟು ಮಾತ್ರ ನಿಜ.

ದಸರಾ ರಜೆ ಮುಗಿಯುವ ಹೊತ್ತಿಗೆ ಹೊಗೆಸೊಪ್ಪಿನ ಹರಾಜು ಶುರುವಾಗಿತ್ತು. ಗೊತ್ತಿರುವ ಗೌಡರೊಬ್ಬರ ಬೇಲುಗಳನ್ನು ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಒಯ್ಯುತ್ತಿದ್ದೆವು. ಅರ್ಧ ದಾರಿಯಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಅಬ್ಬಾ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು. ನಾನು ಮುಚ್ಚಳ ತೆಗೆಯಲು ಹೋದೆ. ಅವರು ನನ್ನ ಕೈ ಹಿಡಿದು ಎಳೆದರು. ರೇಡಿಯೇಟರ್ ಮುಚ್ಚಳ ಕುಕ್ಕರ್ ಮುಚ್ಚಳ ಇದ್ದ ಹಾಗೆ. ಒಳಗೆ ಒತ್ತಡ ಇರುವುದರಿಂದ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಬಿಸಿಯಿದ್ದಾಗ ತೆಗೆದರೆ ಒಮ್ಮೆಗೇ ಉಕ್ಕಿ ಮುಖಕ್ಕೆ ಹಾರುತ್ತದೆ. ಇದನ್ನು ಓದುವವರು ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಗೌಡರ ಸರದಿ ಅವತ್ತೇ ಇತ್ತು. ಅಬ್ಬಾ ಫೋನ್ ಮಾಡಿ ಇನ್ನೊಂದು ಗಾಡಿ ಕರೆಸಿದರು, ಬೇಲುಗಳನ್ನು ಅದಕ್ಕೆ ಹಾಕಿಸಿ ಬಾಡಿಗೆ ತಮ್ಮ ಜೇಬಿನಿಂದಲೇ ಕೊಟ್ಟರು. "ಸಾಬ್ರೇ, ಗಾಡಿ ಅಂದ್ಮೇಲೆ ಕೆಡ್ತದೆ, ಬಿಡಿ, ದುಡ್ಡು ನಾನು ಕೊಡ್ತೀನಿ" ಎಂದು ಗೌಡರು ಹೇಳಿದರೂ ಕೇಳಲಿಲ್ಲ. "ಲೋಡ್ ಅಂದ್ರೆ ಅಮಾನತ್ ಗೌಡ್ರೇ, ತಲುಪಿಸೋದು ನನ್ನ ಕೆಲಸ" ಎಂದರು. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಹೊಸ ಶೂ ಹಾಕಿಕೊಂಡು ಕುಳಿತಿದ್ದೆ.

ಮೊದಲು ನೋಡಿದ ಮೆಕ್ಯಾನಿಕ್ ನನ್ನ ಪುಸ್ತಕ ಕೇಳಿ ಓದಿದರು. ಜೂನ್‌ನಲ್ಲಿ ಹೊಸ ಕೂಲೆಂಟ್ ಹಾಕಿದೆ ಎಂದಿದೆ. ಕೂಲೆಂಟ್ ಹೊರಗೆ ಸೋರಿದರೆ ಹಸಿರು ಕಲೆ ಉಳಿಯುತ್ತದೆ. ಎಲ್ಲೂ ಹಸಿರು ಕಲೆ ಇಲ್ಲ, ಆದರೂ ನೀರು ಕಡಿಮೆಯಾಗುತ್ತಿದೆ. ಹಾಗಾದರೆ ಎಂಜಿನ್ ಒಳಗೇ ಹೋಗುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಬೇಕು, 28,000 ಆಗುತ್ತದೆ ಎಂದರು. ಅವರದು ತಪ್ಪಲ್ಲ. ಪುಸ್ತಕ ನಂಬಿದರು, ಅಷ್ಟೆ.

ಆ ರಾತ್ರಿ ಅಬ್ಬಾ ಊಟ ಸರಿಯಾಗಿ ಮಾಡಲಿಲ್ಲ. ಗುಜರಿಯವರು ಎಷ್ಟು ಕೊಡಬಹುದು ಎಂದು ಚಾಚಾ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ನಾವು ಫಸ್ಟ್ ಪಿಯುನಲ್ಲಿ ಸವಕಳಿ ಓದಿದ್ದೇವೆ. ಸ್ಥಿರ ಕಂತು ಪದ್ಧತಿಯಲ್ಲಿ 4,50,000 ರೂಪಾಯಿಯ ಗಾಡಿಗೆ ಹತ್ತು ವರ್ಷ ಆಯಸ್ಸು ಎಂದರೆ ವರ್ಷಕ್ಕೆ 45,000 ಕಳೆಯಬೇಕು, ಹತ್ತನೇ ವರ್ಷ ಸೊನ್ನೆ. ಆ ಲೆಕ್ಕದಲ್ಲಿ ನಮ್ಮ ಗಾಡಿಯ ಬೆಲೆ ಎಂದೋ ಸೊನ್ನೆಯಾಗಿದೆ. ಅದು ನಮ್ಮನ್ನು ಸಾಕುತ್ತಿರುವುದು ಯಾವ ಕಾಲಮಿನಲ್ಲೂ ಬರುವುದಿಲ್ಲ. ನನಗೆ ನಿದ್ದೆ ಬರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಮಾರುವ ಮುಂಚೆ ಒಮ್ಮೆ ತೋರಿಸೋಣ ಎಂದು ಮರುದಿನ ಅಬ್ಬಾ ತಮ್ಮ ಹಳೆ ಮೇಸ್ತ್ರಿಯವರನ್ನು ಕರೆಸಿದರು. ಅವರು ಮೊದಲು ಪುಸ್ತಕ ನೋಡಲಿಲ್ಲ, ಗಾಡಿ ನೋಡಿದರು. ಡಿಪ್ ಸ್ಟಿಕ್ ತೆಗೆದರು. ಆಯಿಲ್‌ಗೆ ನೀರು ಸೇರಿದ್ದರೆ ಹಾಲು ಬೆರೆಸಿದ ಚಹಾದ ಬಣ್ಣ ಬರುತ್ತದೆ, ಹಾಗಿರಲಿಲ್ಲ. ತಣ್ಣಗಿದ್ದ ರೇಡಿಯೇಟರ್‌ಗೆ ನೀರು ತುಂಬಿ, ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿಸಿದರು. ನೀರಿನಲ್ಲಿ ಗುಳ್ಳೆ ಏಳಲಿಲ್ಲ. ಬಿಳಿ ಹೊಗೆಯೂ ಇಲ್ಲ. "ಗ್ಯಾಸ್ಕೆಟ್ ಅಲ್ಲ ಸಾಬ್ರೇ" ಎಂದರು. ಆಮೇಲೆ ಟಾರ್ಚ್ ಹಿಡಿದು ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತು ತೋರಿಸಿದರು. ಒಳಗಿನ ಸೀಲ್ ಹೋದರೆ ನೀರು ಬರುವುದು ಆ ತೂತಿನಿಂದ. ಎಂಜಿನ್ ಓಡುವಾಗ ಮಾತ್ರ ಹನಿ ಹನಿಯಾಗಿ ಬರುತ್ತಿತ್ತು, ಬಿಸಿಗೂ ಫ್ಯಾನ್ ಗಾಳಿಗೂ ನೆಲ ಮುಟ್ಟುವ ಮುಂಚೆ ಆರಿಹೋಗುತ್ತಿತ್ತು. ತೂತಿನ ಸುತ್ತ ಉಪ್ಪು ಕಟ್ಟಿದ ಹಾಗೆ ಬೆಳ್ಳಗೆ ಕೂತಿತ್ತು.

ಕೊನೆಗೆ ರೇಡಿಯೇಟರ್ ನೀರು ಬಿಟ್ಟರು. ಇಟ್ಟಿಗೆ ಬಣ್ಣದ ನೀರು. ಆಗ ಪುಸ್ತಕ ತೆಗೆದು ಓದಿದರು. ನನ್ನ ಮುಖ ನೋಡಿ, "ಮರಿ, ಇದ್ರಲ್ಲಿ ಕೂಲೆಂಟ್ ಅಂತ ಬರ್ದಿದೀಯ. ಇದು ಬೋರ್ ನೀರು ಕಣಪ್ಪ" ಎಂದರು.

ಅಬ್ಬಾ ನನ್ನ ಕಡೆ ತಿರುಗಿದರು. ಅಲ್ಲೇ ಎಲ್ಲವನ್ನೂ ಹೇಳಿದೆ, ಶೂ ವಿಷಯವನ್ನೂ. ಬೈಯುತ್ತಾರೆ, ಹೊಡೆಯುತ್ತಾರೆ ಅಂದುಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಮೇಸ್ತ್ರಿಯವರೇ, "ಪಂಪು ಹಳೇದು ಬಿಡಿ ಸಾಬ್ರೇ, ಇವತ್ತಲ್ಲ ನಾಳೆ ಹೋಗೋದೇ. ಬೋರ್ ನೀರು ಬೇಗ ಕಳಿಸ್ತು ಅಷ್ಟೆ" ಎಂದರು. ಅಬ್ಬಾ ಆಮೇಲೆ ಒಂದೇ ಮಾತು ಹೇಳಿದ್ದು: "ಹಿಸಾಬ್ ಮೇ ಝೂಟ್ ನಕ್ಕೋ ಬೇಟಾ." ಲೆಕ್ಕದಲ್ಲಿ ಸುಳ್ಳು ಬೇಡ ಮಗನೇ.

ಹೊಸ ಪಂಪ್, ಬೆಲ್ಟ್, ರೇಡಿಯೇಟರ್ ಮುಚ್ಚಳ, ರೇಡಿಯೇಟರ್ ಕ್ಲೀನಿಂಗ್, ಈ ಸಲ ನಿಜವಾದ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಬೆರೆಸಿದ್ದು, ಎಲ್ಲ ಸೇರಿ 5,200 ಆಯಿತು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ, ಸುಮಾರು ಅರ್ಧ ಇಂಚು ತಗ್ಗಿದರೆ ಸರಿ ಎಂದು ಮೇಸ್ತ್ರಿ ನನ್ನ ಕೈಯಿಂದಲೇ ಬಿಗಿ ಮಾಡಿಸಿದರು. ಭಾನುವಾರಗಳಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗಿ ಆ 900 ತೀರಿಸುತ್ತಿದ್ದೇನೆ. ಇನ್ನೂ 300 ಬಾಕಿ ಇದೆ.

ಜೂನ್‌ನ ಆ ಸಾಲನ್ನು ಹೊಡೆದುಹಾಕಲು ಹೋದಾಗ ಅಬ್ಬಾ ಬೇಡ ಎಂದರು. ನಮ್ಮ ಅಕೌಂಟೆನ್ಸಿ ಪಾಠವೂ ಅದನ್ನೇ ಹೇಳುತ್ತದೆ. ತಪ್ಪು ಎಂಟ್ರಿಯನ್ನು ಅಳಿಸಬಾರದು, ಕೆಳಗೆ ತಿದ್ದುಪಡಿ ಬರೆಯಬೇಕು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು.

ನಿಮ್ಮ ಮನೆಯಲ್ಲೂ ಆಟೋನೋ, ಟ್ರ್ಯಾಕ್ಟರೋ, ಬೈಕೋ ಇರಬಹುದು. ಒಂದು ಪುಸ್ತಕ ಇಡಿ, ತುಂಬಾ ಉಪಯೋಗ. ಆದರೆ ಮಾಡಿದ್ದನ್ನು ಮಾತ್ರ ಬರೆಯಿರಿ. ಪುಸ್ತಕವೇ ಇಲ್ಲದಿದ್ದರೆ ಮೆಕ್ಯಾನಿಕ್ ಗಾಡಿಯನ್ನು ನೋಡುತ್ತಾರೆ. ಸುಳ್ಳು ಪುಸ್ತಕ ಇದ್ದರೆ ಗಾಡಿ ಬಿಟ್ಟು ಅದನ್ನು ನಂಬುತ್ತಾರೆ.

ನಮ್ಮ ಪುಸ್ತಕದಲ್ಲಿ ಈಗ ಹೀಗಿದೆ: "ಜೂನ್ ತಿಂಗಳ ಎಂಟ್ರಿ ತಪ್ಪು. ಹಾಕಿದ್ದು ಬೋರ್ ನೀರು. 900 ರೂಪಾಯಿ ನಾನು ಖರ್ಚು ಮಾಡಿದ್ದು." ಕೆಳಗೆ ನನ್ನ ಸಹಿ ಇದೆ. ಅಬ್ಬಾ ಈಗಲೂ ಸ್ನೇಹಿತರಿಗೆ ಪುಸ್ತಕ ತೋರಿಸುತ್ತಾರೆ. ಆ ಪುಟ ಬಂದಾಗ ಮಾತ್ರ ಬೇಗ ಮಗುಚುತ್ತಾರೆ.