ಪಿಯಾನೊವೂ ಮುಖಭಾವವೂ

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ, ಯಲಹಂಕಕ್ಕೂ ಜಾಲಹಳ್ಳಿಗೂ ನಡುವೆ ಇರುವ ವಿದ್ಯಾರಣ್ಯಪುರವು ಗೃಹಸ್ಥರ ಬಡಾವಣೆಯಾಗಿದೆ. ದುರ್ಗಾಪರಮೇಶ್ವರಿಯ ದೇವಾಲಯವೂ ದೊಡ್ಡಬೊಮ್ಮಸಂದ್ರದ ಕೆರೆಯೂ ಇದರ ಗುರುತುಗಳು. ಊರಿನ ಹೆಸರೇ ಸಂಗೀತವನ್ನು ನೆನಪಿಗೆ ತರುವುದು. ವಿದ್ಯಾರಣ್ಯರು ‘ಸಂಗೀತಸಾರ’ವೆಂಬ ಗ್ರಂಥವನ್ನು ರಚಿಸಿದರೆಂದು 17ನೆಯ ಶತಮಾನದ ತಂಜಾವೂರಿನ ‘ಸಂಗೀತಸುಧಾ’ ತಿಳಿಸುತ್ತದೆ.

ಸಂಜೆಯ ವೇಳೆ ಇಲ್ಲಿನ ಬೀದಿಗಳಲ್ಲಿ ಸಂಚರಿಸುವಾಗ ಒಂದು ಮನೆಯಿಂದ ವೀಣೆಯ ನಾದವೂ ಇನ್ನೊಂದರಿಂದ ಕೀಬೋರ್ಡಿನ ಸ್ವರಗಳೂ ನಮ್ಮ ಕಿವಿಗೆ ಬೀಳುವುವು. ಪಿಯಾನೊ ಕಲಿಯುವ ಮಕ್ಕಳು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಮೈ ತೂಗುವುದನ್ನು ಕಂಡ ಹಿರಿಯರು, ಇದು ಭಾವವೋ ಆಡಂಬರವೋ ಎಂದು ಸಂದೇಹಪಡುವುದು ಸಹಜವೇ. ಈ ಸಂದೇಹವನ್ನು ಕೊಂಚ ವಿಚಾರಿಸೋಣ.

ಕೊಡಿಗೇಹಳ್ಳಿ, ಹೆಬ್ಬಾಳಗಳ ಮಾರ್ಗವಾಗಿ ದಕ್ಷಿಣಕ್ಕೆ ಸಾಗಿದರೆ ಆರ್. ಟಿ. ನಗರವು ದೊರೆಯುವುದು. 1987ರಲ್ಲಿ ಸ್ಥಾಪಿತವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಸಂಸ್ಥೆಯು ಪಾಶ್ಚಾತ್ಯ ಸಂಗೀತದ ಶಿಕ್ಷಣಕ್ಕೆ ಈ ಭಾಗದಲ್ಲಿ ಹೆಸರಾದುದು. ಇಂತಹ ಶಿಕ್ಷಣದಲ್ಲಿ ಮೊದಲು ತಿಳಿಯಬೇಕಾದುದು ವಾದ್ಯದ ಗುಣವನ್ನೇ. ಪಿಯಾನೊವಿಗೆ ಹಾರ್ಮೋನಿಯಮ್ಮಿನಂತೆ ಮನೆಗಳುಂಟು. ಅವುಗಳ ಸಂಖ್ಯೆ 88. ಒಂದು ಮನೆಯನ್ನು ಒತ್ತಿದೊಡನೆ ಒಳಗಿನ ಸುತ್ತಿಗೆಯು ತಂತಿಯನ್ನು ಬಡಿದು ಹಿಂದಕ್ಕೆ ಸರಿಯುವುದು. ವೀಣೆಯಲ್ಲಾದರೆ ಮೀಟಿದ ಮೇಲೂ ತಂತಿಯನ್ನು ಎಳೆದು ಗಮಕವನ್ನು ತರಬಹುದು. ಪಿಯಾನೊವಿನಲ್ಲಿ ಬಡಿದ ಬಳಿಕ ಬೆರಳನ್ನು ಎಷ್ಟು ನಡುಗಿಸಿದರೂ ಸ್ವರವು ಬಾಗದು. ಆದರೆ ಬಡಿಯುವುದಕ್ಕೆ ಮುಂಚಿನ ಚಲನೆಯ ಮಾತೇ ಬೇರೆ. ಭುಜವು ಸಡಿಲವಾಗಿದ್ದು ತೋಳಿನ ಭಾರವು ಬೆರಳಿಗೆ ಇಳಿದರೆ ನಾದವು ತುಂಬಿ ಬರುವುದು. ಸುಮಾರು 4 ಅಡಿ ಅಗಲದ ಮನೆಗಳ ಸಾಲಿನಲ್ಲಿ ತುದಿಗಳನ್ನು ಮುಟ್ಟಲು ಮೈ ಬಾಗಲೇಬೇಕು.

ನಮ್ಮ ಶಾಸ್ತ್ರಕಾರರೂ ಈ ವಿಷಯವನ್ನು ಬಿಟ್ಟವರಲ್ಲ. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಗಾಯಕರ ದೋಷಗಳನ್ನು ಎಣಿಸುತ್ತ, ಹಲ್ಲು ಕಚ್ಚಿ ಹಾಡುವುದು, ಕತ್ತು ಸೊಟ್ಟ ಮಾಡುವುದು, ಕೆನ್ನೆಯುಬ್ಬಿಸುವುದು, ಕಣ್ಣು ಮುಚ್ಚುವುದು ಇವೆಲ್ಲವನ್ನೂ ಸೇರಿಸಿರುವನು. ಪಾಶ್ಚಾತ್ಯರಲ್ಲಿ ಎರಡು ಬಗೆಯವರೂ ಆಗಿಹೋದರು. ರಾಖ್ಮನಿನೋಫರು (1873–1943) ಕಲ್ಲಿನ ಪ್ರತಿಮೆಯಂತೆ ಗಂಭೀರವಾಗಿ ನುಡಿಸುತ್ತಿದ್ದರು. ಕೆನಡದ ಗ್ಲೆನ್ ಗೂಲ್ಡರು (1932–1982) ತಗ್ಗಿದ ಕುರ್ಚಿಯಲ್ಲಿ ಕುಳಿತು, ಮೈ ತೂಗುತ್ತ, ಜತೆಗೆ ಗುನುಗುತ್ತಲೂ ಇದ್ದರು. ಇಬ್ಬರೂ ಮಹಾವಾದಕರೇ.

ನಮ್ಮ ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರು (1919–1974) ಸ್ವತಃ ಪಿಯಾನೊ ಬಲ್ಲವರು. ಲಂಡನ್ನಿನಲ್ಲಿದ್ದ ರಷ್ಯದ ವಾಗ್ಗೇಯಕಾರ ಮೆಟ್ನರರ ಕೃತಿಗಳನ್ನು ಅವರಿಂದಲೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸಲು ಧನಸಹಾಯವನ್ನಿತ್ತರು. ಮೆಟ್ನರರು ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು. ವಾದಕರು 1951ರಲ್ಲಿ ತೀರಿಕೊಂಡರು, ತಟ್ಟೆಗಳು ಉಳಿದಿವೆ. ಅವುಗಳಲ್ಲಿ ಮುಖವಿಲ್ಲ, ಮೈಯಿಲ್ಲ, ಆದರೂ ಭಾವವುಂಟು.

ಹಾಗೆಂದು ಕಣ್ಣಿನ ಪ್ರಭಾವವು ಅಲ್ಪವೆಂದು ತಿಳಿಯಬಾರದು. ಚಿಯಾ-ಜಂಗ್ ತ್ಸೈ ಎಂಬ ವಿದುಷಿಯು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸ್ಪರ್ಧೆಗಳ ಅಂತಿಮ ಸುತ್ತಿನ ಮೂವರಲ್ಲಿ ಗೆದ್ದವರು ಯಾರೆಂದು ಊಹಿಸಬೇಕಾಗಿದ್ದಿತು. ನಾದವನ್ನು ಮಾತ್ರ ಕೇಳಿದವರಿಗಿಂತ, ಶಬ್ದವಿಲ್ಲದ ಚಿತ್ರವನ್ನು ಮಾತ್ರ ನೋಡಿದವರೇ ಹೆಚ್ಚು ಸರಿಯಾಗಿ ಗುರುತಿಸಿದರು. ಸಂಗೀತವೃತ್ತಿಯವರ ಗತಿಯೂ ಇದೇ ಆಯಿತು. ಕಿವಿಯಿಂದ ತೀರ್ಪು ಕೊಡುತ್ತೇವೆಂದು ಬಗೆದಿದ್ದವರು ಕಣ್ಣಿನಿಂದ ಕೊಡುತ್ತಿದ್ದರೆಂದಾಯಿತು!

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮೈ ತೂಗಿತೆಂದು ಮಗುವನ್ನು ಗದರಿಸಬೇಡಿರಿ. ತೂಗದಿದ್ದರೆ ಭಾವವಿಲ್ಲವೆಂದೂ ಹೇಳಬೇಡಿರಿ. ಪಕ್ಕದ ಕೋಣೆಯಲ್ಲಿ ಕುಳಿತು ಒಮ್ಮೆ ಕೇಳಿರಿ; ಬಳಿಕ ಎದುರಿಗೆ ಬಂದು ನೋಡಿರಿ. ಗೋಡೆಯಾಚೆಯಿಂದಲೂ ಯಾವ ಭಾವವು ಕೇಳಿಸಿತೋ ಅದು ಬೆರಳಿಗೆ ಇಳಿದಿರುವ ಭಾವ. ಮುಖದಲ್ಲಿ ಮಾತ್ರ ಕಂಡುದು ಇನ್ನೂ ದಾರಿಯಲ್ಲಿದೆ. ಅಭ್ಯಾಸದಿಂದ ಅದೂ ಬೆರಳನ್ನು ಸೇರೀತು.